ನಿಂತಲ್ಲೇ ಮುಪ್ಪಾಗುವ ಟೈರು

ಹೈದರಾಬಾದಿನ ಓದುಗರೊಬ್ಬರು ತಮ್ಮ ಕಾರಿನ ಟೈರಿನ ಫೋಟೋ ಕಳಿಸಿ ಹೀಗೆ ಕೇಳಿದ್ದಾರೆ: "ಕಾರು ಕೊಂಡು ಇದು ಏಳನೇ ವರ್ಷ. ಓಡಿರುವುದು 31,000 ಕಿಲೋಮೀಟರ್ ಮಾತ್ರ. ಬಟನ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ. ಆದರೂ ಸರ್ವೀಸ್ ಸೆಂಟರಿನವರು ನಾಲ್ಕೂ ಬದಲಿಸಿ ಅಂತಾರೆ. ದಸರೆಗೆ ಕಲಬುರಗಿಗೆ ಹೋಗಬೇಕು, ಅಪ್ಪ ಅಮ್ಮನನ್ನು ಕರೆದುಕೊಂಡು ಬರಬೇಕು. ಇದು ಸುಲಿಗೆಯಲ್ಲವೇ?"

ಸರ್ವೀಸ್ ಸೆಂಟರಿನವರು ಹೇಳಿದ್ದನ್ನೆಲ್ಲ ಅನುಮಾನಿಸುವುದು ಆರೋಗ್ಯಕರ ಅಭ್ಯಾಸ, ನಾನೂ ಅದೇ ಪಂಗಡದವನು. ಆದರೆ ಈ ಸಲ ಅವರು ಹೇಳಿದ್ದು ಸರಿ. ಫೋಟೋದಲ್ಲಿ ಬಟನ್ ಚೆನ್ನಾಗಿಯೇ ಕಾಣುತ್ತಿದೆ. ಅದರ ಪಕ್ಕಕ್ಕೆ, ಟೈರಿನ ಗೋಡೆಯ ಮೇಲೆ, ಬೇಸಿಗೆಯಲ್ಲಿ ಒಣಗಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕುಗಳೂ ಕಾಣುತ್ತಿವೆ. ಅವರು ಬಟನ್ ತೋರಿಸಲೆಂದು ತೆಗೆದ ಫೋಟೋ ಬಿರುಕನ್ನೂ ತೋರಿಸಿಬಿಟ್ಟಿದೆ.

ಟೈರಿಗೆ ಎರಡು ಲೆಕ್ಕಗಳಿವೆ. ಒಂದು ಓಟದ್ದು, ಇನ್ನೊಂದು ವಯಸ್ಸಿನದು. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಟೈರಿನ ಆಯುಷ್ಯ ಮುಗಿಯಿತು. ಟ್ಯಾಕ್ಸಿ ಓಡಿಸುವವರಿಗೆ ಓಟದ ಲೆಕ್ಕ ಮೊದಲು ಮುಗಿಯುತ್ತದೆ. ನಮ್ಮಂಥವರಿಗೆ, ಅಂದರೆ ಆಫೀಸಿಗೆ ಮೆಟ್ರೋ ಅಥವಾ ಕಂಪನಿ ಬಸ್ಸು, ವಾರದಲ್ಲಿ ಎರಡು ಮೂರು ದಿನ ಮನೆಯಿಂದಲೇ ಕೆಲಸ, ಶನಿವಾರ ತರಕಾರಿಗೊಮ್ಮೆ ಕಾರು, ವರ್ಷಕ್ಕೆ ಎರಡೋ ಮೂರೋ ಸಲ ಊರು ಎಂಬ ಜನಕ್ಕೆ, ವಯಸ್ಸಿನ ಲೆಕ್ಕವೇ ಮೊದಲು ಮುಗಿಯುವುದು.

ವಯಸ್ಸು ನೋಡುವುದು ಸುಲಭ. ಟೈರಿನ ಗೋಡೆಯ ಮೇಲೆ ಡಿಓಟಿ ಎಂದು ಶುರುವಾಗುವ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ, ಅಂದರೆ ಜೂನ್ ತಿಂಗಳ ಮೊದಲರ್ಧದಲ್ಲಿ ತಯಾರಾದದ್ದು. ಕೆಲವು ಟೈರುಗಳಲ್ಲಿ ಈ ನಾಲ್ಕು ಅಂಕಿ ಒಂದೇ ಬದಿಯಲ್ಲಿರುತ್ತದೆ, ಆ ಬದಿ ಒಳಗಡೆಗೆ ಬಂದಿದ್ದರೆ ಮೊಬೈಲಿನ ಟಾರ್ಚ್ ಹಿಡಿದು ಬಗ್ಗಬೇಕು. ಪಾರ್ಕಿಂಗಿನಲ್ಲಿ ನಿಮ್ಮನ್ನು ನೋಡಿ ವಾಚ್‌ಮನ್ ಏನು ಕಳೆದುಕೊಂಡಿರಿ ಸಾಬ್ ಅಂತ ಕೇಳಿದರೆ ಕೇಳಲಿ.

ಎಷ್ಟು ವರ್ಷ ಇಟ್ಟುಕೊಳ್ಳಬಹುದು ಎಂಬುದಕ್ಕೆ ಎಲ್ಲರೂ ಒಪ್ಪುವ ಒಂದು ಉತ್ತರವಿಲ್ಲ. ಕೆಲವು ಕಾರು ತಯಾರಕರು ಆರು ವರ್ಷಕ್ಕೆ ಬದಲಿಸಿ ಎನ್ನುತ್ತಾರೆ. ಕೆಲವು ಟೈರ್ ಕಂಪನಿಗಳು ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತಿಳಿದವರಿಗೆ ತೋರಿಸಿ, ನೋಡಲು ಚೆನ್ನಾಗಿದ್ದರೂ ಹತ್ತಕ್ಕೆ ಖಂಡಿತ ತೆಗೆಯಿರಿ ಎನ್ನುತ್ತವೆ. ಆ ಹತ್ತು ವರ್ಷ ಇಡೀ ಜಗತ್ತಿಗೆ ಹೇಳಿದ ಮಾತು, ತಂಪು ದೇಶಗಳೂ ಅದರಲ್ಲಿವೆ. ಕಲಬುರಗಿ, ಹೈದರಾಬಾದ್, ನಾಗಪುರಗಳ ಬಿಸಿಲಿಗೆ ನಾನು ಆರನ್ನೇ ಹಿಡಿಯುತ್ತೇನೆ.

ನಿಂತ ಕಾರಿನ ಟೈರು ಕೆಡುವುದು ಹೇಗೆ ಎಂದು ಕೇಳಬಹುದು. ರಬ್ಬರಿಗೆ ಗಾಳಿಯ ಆಮ್ಲಜನಕ, ಓಝೋನ್ ಮತ್ತು ಬಿಸಿಲು ವೈರಿಗಳು. ಅವುಗಳಿಂದ ಕಾಪಾಡಲೆಂದೇ ತಯಾರಿಸುವಾಗ ರಬ್ಬರಿನೊಳಗೆ ಒಂದು ಬಗೆಯ ಮೇಣ ಮತ್ತು ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಟೈರು ಉರುಳುತ್ತ ಬಾಗಿ ಏಳುವಾಗ ಅವು ಒಳಗಿನಿಂದ ಮೇಲ್ಮೈಗೆ ಬರುತ್ತಿರುತ್ತವೆ, ನಮ್ಮ ಚರ್ಮಕ್ಕೆ ಜಿಡ್ಡು ಬಂದಂತೆ. ತಿಂಗಳುಗಟ್ಟಲೆ ನಿಂತ ಟೈರಿಗೆ ಈ ಆರೈಕೆ ಇಲ್ಲ. ಜೊತೆಗೆ ಗಾಳಿ ನಿಧಾನವಾಗಿ ಇಳಿಯುತ್ತದೆ, ಒಂದೇ ಜಾಗದ ಮೇಲೆ ಟನ್ನಿನಷ್ಟು ಭಾರ ಕೂತಿರುತ್ತದೆ. ಹೊರಗೆ ಕಾಣುವ ಬಿರುಕಿಗಿಂತ ಒಳಗೆ ಉಕ್ಕಿನ ತಂತಿಯ ಪಟ್ಟಿಗೂ ರಬ್ಬರಿಗೂ ನಡುವಿನ ಹಿಡಿತ ಸಡಿಲವಾಗುವುದು ಅಪಾಯದ ಸಂಗತಿ. ಅದು ಯಾರ ಕಣ್ಣಿಗೂ ಕಾಣುವುದಿಲ್ಲ.

ನಮ್ಮ ಸೊಸೈಟಿಯಲ್ಲಿ ಬಾಗಲಕೋಟೆ ಕಡೆಯ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಕಾಕಾ ಅನ್ನುತ್ತೇವೆ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಊರಿಗೆ ಹೊರಟಿದ್ದರು. ಹೊರಡುವ ಹಿಂದಿನ ದಿನ ಪಾರ್ಕಿಂಗಿನಲ್ಲಿ ಸಿಕ್ಕಾಗ ಟೈರಿನ ವಯಸ್ಸು ಕೇಳಿದ್ದೆ. "ಬಟನ್ ಎಲ್ಲಾ ಹಂಗ ಅದಾವಲ್ಲೋ ತಮ್ಮಾ, ಸುಮ್ನ ಯಾಕ ರೊಕ್ಕ ಹಾಕ್ಲಿ" ಅಂದರು. ಕರಾಡ ದಾಟಿದ ಮೇಲೆ ಹಿಂದಿನ ಎಡ ಟೈರಿನ ಮೇಲ್ಪದರ ಪಟ್ಟಿಯಂತೆ ಕಿತ್ತು ಬಂದು, ಚಕ್ರದ ಮೇಲಿನ ತಗಡನ್ನೇ ಹರಿದು ಹಾಕಿತು. ಕಾರು ಎರಡು ಲೇನ್ ಅಡ್ಡ ಹೋಗಿ ನಿಂತಿತು. ಹಿಂದೆ ಲಾರಿ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಮಲಗಿದ್ದಳಂತೆ, ಅವಳಿಗೆ ಎಚ್ಚರವೂ ಆಗಲಿಲ್ಲವಂತೆ. ಆ ಕಾರು ಅದುವರೆಗೆ ಓಡಿದ್ದು 30,000 ಕಿಲೋಮೀಟರ್ ಕೂಡ ಇಲ್ಲ. ಕಾಕಾ ಈಗ ಯಾರ ಕಾರು ಕಂಡರೂ ಬಗ್ಗಿ ನಾಲ್ಕು ಅಂಕಿ ಓದುತ್ತಾರೆ.

ಇನ್ನು ಯಾವ ಟೈರ್ ಕೊಳ್ಳಬೇಕು ಎಂಬ ಪ್ರಶ್ನೆ. ಅಂಗಡಿಯವರು ಮೊದಲು ಹೇಳುವ ಮಾತು ಸಾಮಾನ್ಯವಾಗಿ "ಇದು ಅರವತ್ತು ಎಪ್ಪತ್ತು ಸಾವಿರ ಬರುತ್ತೆ ಸರ್" ಎಂಬುದು. ನಾವೂ ಸಂತೋಷಪಡುತ್ತೇವೆ, ಬಾಳಿಕೆ ಬರುವ ವಸ್ತು ಕೊಳ್ಳುವುದು ನಮಗೆ ಮನೆಯಲ್ಲಿ ಕಲಿಸಿದ ವಿದ್ಯೆ. ಆದರೆ ಲೆಕ್ಕ ಹಾಕಿ. ವರ್ಷಕ್ಕೆ 6,000 ಕಿಲೋಮೀಟರ್ ಓಡಿಸುವವರು ಆರು ವರ್ಷಕ್ಕೆ ಓಡಿಸುವುದು 36,000. ಎಪ್ಪತ್ತು ಸಾವಿರ ಬರುವ ಟೈರಿನ ಅರ್ಧ ರಬ್ಬರನ್ನು ನೀವು ಗುಜರಿಗೆ ಹಾಕುತ್ತೀರಿ. ಅಷ್ಟೇ ಆದರೆ ಚಿಂತೆಯಿರಲಿಲ್ಲ. ಹೆಚ್ಚು ಬಾಳಿಕೆಗೆಂದು ಮಾಡಿದ ಟೈರಿನ ರಬ್ಬರು ಸಾಮಾನ್ಯವಾಗಿ ಗಡುಸು, ಒದ್ದೆ ರಸ್ತೆಯಲ್ಲಿ ಅದರ ಹಿಡಿತ ಕಡಿಮೆ. ಅಂದರೆ ನಿಮಗೆ ಎಂದೂ ದಕ್ಕದ ಬಾಳಿಕೆಗಾಗಿ ಮಳೆಯಲ್ಲಿ ಬೇಕಾದ ಬ್ರೇಕನ್ನು ಬಿಟ್ಟುಕೊಡುತ್ತೀರಿ. ವರ್ಷಕ್ಕೆ 20,000 ಓಡಿಸುವವರ ಲೆಕ್ಕ ಬೇರೆ, ಅವರು ಬಾಳಿಕೆ ನೋಡಲಿ. ಕಡಿಮೆ ಓಡಿಸುವ ನಾವು ಅಂಗಡಿಯಲ್ಲಿ ಕೇಳಬೇಕಾದ್ದು ಒಂದೇ: ಈ ಅಳತೆಯಲ್ಲಿ ಒದ್ದೆ ರಸ್ತೆಗೆ ಒಳ್ಳೆಯ ಹಿಡಿತ ಇರುವುದು ಯಾವುದು? ಅದು 40,000ಕ್ಕೇ ಸವೆದರೂ ನಮಗೆ ನಷ್ಟವಿಲ್ಲ.

ಕೆಲವು ಟೈರುಗಳ ಮೇಲೆ ಫ್ರಿಜ್ಜಿಗೆ ಅಂಟಿಸುವಂಥದೇ ನಕ್ಷತ್ರದ ಚೀಟಿ ಇರುತ್ತದೆ. ಅದು ಟೈರು ಎಷ್ಟು ಸಲೀಸಾಗಿ ಉರುಳುತ್ತದೆ, ಅಂದರೆ ಎಷ್ಟು ಇಂಧನ ಉಳಿಸುತ್ತದೆ ಎಂಬುದರ ಗುರುತು. ಐದು ನಕ್ಷತ್ರ ಕಂಡಾಕ್ಷಣ ಮಳೆಯಲ್ಲೂ ಐದು ನಕ್ಷತ್ರ ಎಂದುಕೊಳ್ಳಬೇಡಿ.

ಮಳೆಯ ಮಾತು ಬಂತಲ್ಲ, ಸ್ವಲ್ಪ ನಿಲ್ಲೋಣ. ಪುಣೆಯಿಂದ ನಮ್ಮ ಹಾವೇರಿಗೆ ಸುಮಾರು 500 ಕಿಲೋಮೀಟರ್. ಜುಲೈನಲ್ಲಿ ಹೊರಟರೆ ಕಾತ್ರಜ್ ಬಿಟ್ಟಾಗಿನಿಂದ ಖಂಬಾಟ್ಕಿ ಘಾಟು, ಸಾತಾರಾ, ನಿಪ್ಪಾಣಿ, ಬೆಳಗಾವಿವರೆಗೂ ಮಳೆ ಜೊತೆಯಲ್ಲೇ ಬರುತ್ತದೆ. ಮುಂಬೈನಿಂದ ಕರಾವಳಿಗೆ ಹೋಗುವವರಿಗೆ ಇದರ ಎರಡರಷ್ಟು. ರಸ್ತೆಯ ಮೇಲೆ ನಿಂತ ನೀರನ್ನು ಟೈರಿನ ಗೀರುಗಳು ಪಕ್ಕಕ್ಕೆ ಹೊರಹಾಕಬೇಕು. ಅವು ಹೊರಹಾಕುವುದಕ್ಕಿಂತ ಹೆಚ್ಚು ನೀರು ಬಂದರೆ ಟೈರು ನೀರಿನ ಮೇಲೆ ತೇಲುತ್ತದೆ, ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಆಗ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ತಿರುಗಿಸಬಾರದು, ಆಕ್ಸಿಲರೇಟರಿನಿಂದ ಕಾಲು ತೆಗೆದು ನೇರ ಹಿಡಿದುಕೊಳ್ಳಬೇಕು.

ಕಾನೂನಿನ ಪ್ರಕಾರ ಕಾರಿನ ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು. ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡ ದಿಣ್ಣೆಗಳಿರುತ್ತವೆ, ಬಟನ್ ಸವೆದು ಆ ದಿಣ್ಣೆಗೆ ಸಮನಾದರೆ 1.6ಕ್ಕೆ ಬಂದಿತೆಂದು ಅರ್ಥ. ಹೊಸ ಟೈರಿನಲ್ಲಿ ಈ ಆಳ ಸಾಮಾನ್ಯವಾಗಿ ಏಳೆಂಟು ಮಿಲಿಮೀಟರ್. 1.6 ಎಂಬುದು ದಂಡ ಬೀಳದಿರಲು ಬೇಕಾದ ಆಳ. ಘಟ್ಟ ಇಳಿಯುವವರು 3ಕ್ಕೆ ಬಂದಾಗಲೇ, ಮಳೆಗಾಲಕ್ಕೆ ಮುಂಚೆ, ಬದಲಿಸುವುದು ಒಳ್ಳೆಯದು. ಆಳ ಅಳೆಯುವ ಪುಟ್ಟ ಗೇಜು ನೂರಿನ್ನೂರು ರೂಪಾಯಿಗೆ ಸಿಗುತ್ತದೆ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಕಿತ್ತುಹಾಕಲೇಬೇಕು. "ಮಳೆಗಾಲದಲ್ಲಿ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಗ್ರಿಪ್ ಬರುತ್ತೆ" ಎಂದು ಗಾಳಿ ಹೊಡೆಯುವ ಹುಡುಗನೂ ಹೇಳುತ್ತಾನೆ, ಆಫೀಸಿನ ಆರ್ಕಿಟೆಕ್ಟನೂ ಹೇಳುತ್ತಾನೆ. ವಿಮಾನಗಳು ಒದ್ದೆ ರನ್‌ವೇ ಮೇಲೆ ಜಾರುವುದನ್ನು 1960ರ ದಶಕದಲ್ಲಿ ನಾಸಾ ಅಭ್ಯಾಸ ಮಾಡಿ ಒಂದು ಸರಳ ಸೂತ್ರ ಕೊಟ್ಟಿತು. ಟೈರು ತೇಲಲು ಶುರುವಾಗುವ ವೇಗ ಅದರೊಳಗಿನ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ ಎಂಬುದು ಅದರ ಸಾರ. ಗೀರು ನೀರನ್ನು ಹೊರಹಾಕಲಾರದ ಸ್ಥಿತಿಗೆ ಈ ಸೂತ್ರ ಹಚ್ಚಿದರೆ, 33 ಪಿಎಸ್‌ಐ ಇದ್ದಾಗ ಗಂಟೆಗೆ ಸುಮಾರು 95 ಕಿಲೋಮೀಟರಿಗೆ ತೇಲುತ್ತದೆ. 25 ಇದ್ದಾಗ ಸುಮಾರು 83ಕ್ಕೇ. ಕಾರಿನ ಟೈರಿಗೆ ಇದು ಅಂದಾಜು ಲೆಕ್ಕವಷ್ಟೇ, ಆದರೆ ದಿಕ್ಕಂತೂ ಸ್ಪಷ್ಟ. ಗಾಳಿ ಇಳಿಸಿದರೆ ಬೇಗ ತೇಲುತ್ತದೆ.

ಬೇಸಿಗೆಯಲ್ಲಿ ಇದೇ ನಂಬಿಕೆ ಇನ್ನೊಂದು ವೇಷದಲ್ಲಿ ಬರುತ್ತದೆ: "ಬಿಸಿಲಿಗೆ ಗಾಳಿ ಉಬ್ಬಿ ಟೈರ್ ಒಡೆಯುತ್ತೆ, ಐದು ಪಾಯಿಂಟ್ ಕಮ್ಮಿ ಇಡಿ." ಹೈದರಾಬಾದಿನವರು, ಚೆನ್ನೈನವರು ಇದನ್ನು ಗಮನಿಸಿ ಓದಬೇಕು. ಉಷ್ಣಾಂಶ 10 ಡಿಗ್ರಿ ಏರಿದರೆ ಒತ್ತಡ ಏರುವುದು ಸುಮಾರು ಒಂದೂವರೆ ಪಿಎಸ್‌ಐ. ಅದನ್ನು ತಡೆಯುವ ಶಕ್ತಿ ಟೈರಿಗೆ ಧಾರಾಳವಾಗಿದೆ. ಗಾಳಿ ಕಡಿಮೆ ಇದ್ದಾಗ ಪ್ರತಿ ಸುತ್ತಿನಲ್ಲೂ ಅದರ ಗೋಡೆ ಹೆಚ್ಚು ಬಾಗಿ ಏಳುತ್ತದೆ, ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಬಿಸಿಯಾಗುವಂತೆ ಒಳಗಿನಿಂದಲೇ ಕಾಯುತ್ತದೆ. ಅದರ ಮೇಲೆ ಐದು ಜನ, ಡಿಕ್ಕಿ ತುಂಬ ಸಾಮಾನು, 110ರ ವೇಗ, ಹಳೆಯ ರಬ್ಬರು ಸೇರಿದರೆ ಒಡೆಯಲು ಬೇರೆ ಕಾರಣ ಬೇಕಿಲ್ಲ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಅಥವಾ ಸಮೃದ್ಧಿ ಹೆದ್ದಾರಿಯಲ್ಲಿ ಟೈರು ಒಡೆದರೆ ಜನ ಕಾಂಕ್ರೀಟನ್ನು ಬೈಯುತ್ತಾರೆ. ಕಾಂಕ್ರೀಟಿನ ಪಾಲು ಏನೇ ಇರಲಿ, ಮುಂಬೈನಿಂದ ನಾಗಪುರದವರೆಗಿನ ಆ 701 ಕಿಲೋಮೀಟರಿನಲ್ಲಿ ವೇಗ ಇಳಿಸಲು ಹಳ್ಳಿಯೂ ಇಲ್ಲ, ಸಿಗ್ನಲ್ಲೂ ಇಲ್ಲ. ಹಳೆಯ ರಸ್ತೆಯಲ್ಲಿ ಅರ್ಧ ಗಂಟೆಗೊಮ್ಮೆ ತಾನಾಗಿ ತಣಿಯುತ್ತಿದ್ದ ಟೈರು ಇಲ್ಲಿ ಒಂದೇ ಸಮನೆ ಕಾಯುತ್ತದೆ. ಚಹಾ ಬೇಡವಾದರೂ ಎರಡು ಗಂಟೆಗೊಮ್ಮೆ ಚಹಾಕ್ಕೆ ನಿಲ್ಲಿಸಿ.

ಗಾಳಿ ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿದೆ. ಅದರಲ್ಲಿ ಇಬ್ಬರು ಕೂತಾಗ ಒಂದು ಅಂಕಿ, ತುಂಬಿದ ಕಾರಿಗೆ ಇನ್ನೊಂದು ಅಂಕಿ ಇರುತ್ತದೆ. ಊರಿಗೆ ಹೊರಡುವಾಗ ಬೇಕಾದ್ದು ಎರಡನೆಯದು. ಟೈರಿನ ಗೋಡೆಯ ಮೇಲೆ ಬರೆದಿರುವುದು ಆ ಟೈರು ತಡೆಯುವ ಗರಿಷ್ಠ ಒತ್ತಡ, ಅದನ್ನು ತುಂಬಿಸುವಂತಿಲ್ಲ. ನೋಡುವುದು ಬೆಳಗ್ಗೆ, ಟೈರು ತಣ್ಣಗಿರುವಾಗ. ದೆಹಲಿಯವರಿಗೆ ಒಂದು ಮಾತು ಹೆಚ್ಚು: ಮೇ ತಿಂಗಳ 42 ಡಿಗ್ರಿಯಲ್ಲಿ ಸರಿಯಾಗಿದ್ದ ಗಾಳಿ ಜನವರಿಯ 5 ಡಿಗ್ರಿಯ ಬೆಳಗ್ಗೆ ಐದು ಪಿಎಸ್‌ಐಗಿಂತ ಹೆಚ್ಚು ಇಳಿದಿರುತ್ತದೆ, ಎಲ್ಲೂ ಪಂಚರ್ ಆಗದೆ. ಇನ್ನು ನೈಟ್ರೋಜನ್. ನಾವು ಉಸಿರಾಡುವ ಗಾಳಿಯಲ್ಲೇ ಅದು 78ರಷ್ಟು ಪಾಲು ಇದೆ. ಬಿಟ್ಟಿ ಸಿಕ್ಕರೆ ತುಂಬಿಸಿ, ಸಿಗದಿದ್ದರೆ ಮಾಮೂಲಿ ಗಾಳಿ ಸಾಕು.

ಮುಂಬೈನವರ ತಾಪತ್ರಯವೇ ಬೇರೆ. ಅಲ್ಲಿ ವೇಗ ಇಲ್ಲ, ಹೊಂಡ ಇದೆ. ಹೊಂಡದ ಅಂಚಿಗೂ ಚಕ್ರದ ಲೋಹಕ್ಕೂ ನಡುವೆ ಸಿಕ್ಕು ಗೋಡೆಯೊಳಗಿನ ದಾರಗಳು ತುಂಡಾಗುತ್ತವೆ, ಮರುದಿನ ಅಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಾಣುತ್ತದೆ. ಆ ಉಬ್ಬಿಗೆ ರಿಪೇರಿ ಇಲ್ಲ, ಬದಲಿಸುವವರೆಗೆ ಹೆದ್ದಾರಿಗೆ ಹೋಗಬಾರದು. ಇಂಥ ಊರಿನಲ್ಲಿ ದೊಡ್ಡ ಅಲಾಯ್ ಚಕ್ರ ಹಾಕಿಸಿ ತೆಳುಗೋಡೆಯ ಟೈರ್ ಏರಿಸುವುದು ನೋಡಲಷ್ಟೇ ಚೆನ್ನ. ಟೈರಿನ ಅಳತೆಯಲ್ಲಿ ಎರಡನೇ ಅಂಕಿ ಗೋಡೆಯ ಎತ್ತರದ್ದು. 185/65 ಆರ್ 15 ಎಂದರೆ 185 ಮಿಲಿಮೀಟರ್ ಅಗಲ, ಅದರ ನೂರಕ್ಕೆ 65ರಷ್ಟು ಎತ್ತರದ ಗೋಡೆ, 15 ಇಂಚಿನ ಚಕ್ರ. ಗೋಡೆ 120 ಮಿಲಿಮೀಟರ್ ಆಯಿತು. ಕೆಲವರು ಇದಕ್ಕೆ 195/65 ಹಾಕಿಸುತ್ತಾರೆ. ಆಗ ಟೈರಿನ ಒಟ್ಟು ಎತ್ತರ ನೂರಕ್ಕೆ ಎರಡರಷ್ಟು ಹೆಚ್ಚಿ, ಮೀಟರು 100 ತೋರಿಸುವಾಗ ಮೊದಲಿಗಿಂತ ಎರಡು ಕಿಲೋಮೀಟರ್ ಜಾಸ್ತಿ ವೇಗದಲ್ಲಿರುತ್ತೀರಿ. ಅಷ್ಟು ದೊಡ್ಡ ಅಪರಾಧವಲ್ಲ, ಆದರೆ ಕಂಪನಿ ಕೊಟ್ಟ ಅಳತೆಯೇ ಸಾಕು ಎಂಬುದು ನನ್ನ ಅಭಿಪ್ರಾಯ. ಅಳತೆಯ ಮುಂದೆ 88 ಎಚ್ ಎಂಬಂಥ ಗುರುತು ಇರುತ್ತದೆ: 88 ಎಂದರೆ ಒಂದು ಟೈರು 560 ಕಿಲೋ ಹೊರುತ್ತದೆ, ಎಚ್ ಎಂದರೆ 210ರ ವೇಗದವರೆಗೆ. ನಿಮ್ಮ ಕಾರಿನ ಪುಸ್ತಕದಲ್ಲಿರುವುದಕ್ಕಿಂತ ಕಡಿಮೆ ಅಂಕಿಯ ಟೈರನ್ನು ಅಂಗಡಿಯವರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಯಾವ ಕಂಪನಿ ಎಂದು ಕೇಳುವವರಿಗೆ: ನಾವು ವಲಸೆ ಬಂದ ಊರುಗಳೇ ಟೈರಿನ ಊರುಗಳು. ಎಂಆರ್‌ಎಫ್ ಚೆನ್ನೈನದು, 1946ರಲ್ಲಿ ಆಟದ ಬಲೂನು ಮಾಡುತ್ತ ಶುರುವಾದದ್ದು. ಸಿಯಟ್ ಮುಂಬೈನಲ್ಲಿದೆ, ಅಪೊಲೊ ಗುರುಗ್ರಾಮದಲ್ಲಿ. ನಮ್ಮ ಮೈಸೂರಿನ ವಿಕ್ರಾಂತ್ ಈಗ ಜೆಕೆ ಕೈಯಲ್ಲಿದೆ. ಎಲ್ಲರ ಹತ್ತಿರವೂ ಒಳ್ಳೆಯ ಟೈರೂ ಇದೆ, ಸಾಧಾರಣ ಟೈರೂ ಇದೆ, ಹಾಗಾಗಿ ಕಂಪನಿಯ ಹೆಸರಿಗಿಂತ ಮಾದರಿಯ ಹೆಸರು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಚೌಕಾಸಿಗೆ ಕೂರುವ ಮುನ್ನ ನೆನಪಿರಲಿ.

ಅಂಗಡಿಯಲ್ಲಿ ಟೈರು ಏರಿಸುವ ಮೊದಲೇ ಆ ನಾಲ್ಕು ಅಂಕಿ ನೋಡಿ. ಗೋದಾಮಿನಲ್ಲಿ ಒಂದೂವರೆ ವರ್ಷ ಕೂತದ್ದನ್ನು "ಹೊಸದೇ ಸರ್" ಎಂದು ಕೊಡುವುದುಂಟು. ಆರು ತಿಂಗಳೊಳಗಿನದು ಕೇಳಿದರೆ ಸಿಗುತ್ತದೆ, ಒಂದೆರಡು ದಿನ ಕಾಯಬೇಕಾಗಬಹುದು. ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮೂರೂ ಆಗಲಿ. ಬಿಲ್ಲು ಮತ್ತು ವಾರಂಟಿ ಕಾರ್ಡು ಇಟ್ಟುಕೊಳ್ಳಿ.

ನಾಲ್ಕಕ್ಕೆ ದುಡ್ಡಿಲ್ಲದೆ ಎರಡೇ ಕೊಳ್ಳುವುದಾದರೆ ಹೊಸ ಎರಡು ಹಿಂದಿನ ಚಕ್ರಗಳಿಗೆ. ಇದಕ್ಕೆ ಅಂಗಡಿಯವರು ಜಗಳವನ್ನೇ ಆಡುತ್ತಾರೆ, "ಇಂಜಿನ್ ಎಳೆಯುವುದು ಮುಂದಿನ ಚಕ್ರ, ಹೊಸದು ಮುಂದೆ ಇರಲಿ" ಎನ್ನುತ್ತಾರೆ. ಒದ್ದೆ ತಿರುವಿನಲ್ಲಿ ಮುಂದಿನ ಟೈರು ಜಾರಿದರೆ ಕಾರು ನೇರ ಹೋಗಲು ನೋಡುತ್ತದೆ, ಕಾಲು ತೆಗೆದರೆ ಹತೋಟಿಗೆ ಬರುವ ಅವಕಾಶವಿದೆ. ಹಿಂದಿನದು ಜಾರಿದರೆ ಕಾರಿನ ಬಾಲವೇ ಮುಂದೆ ಬರುತ್ತದೆ. ಅಣಮೋಡ ಘಾಟಿನಲ್ಲಿ ಅದನ್ನು ತಿದ್ದುವ ಕೈ ನಮ್ಮ ನಿಮ್ಮದಲ್ಲ.

ಹೈದರಾಬಾದಿನ ಓದುಗರು ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿದ್ದಾರೆ: "ಸ್ಟೆಪ್ನಿ ಒಮ್ಮೆಯೂ ನೆಲ ಕಂಡಿಲ್ಲ. ಅದನ್ನೂ ಸೇರಿಸಿ ಮೂರೇ ಕೊಂಡರೆ ನಡೆಯುತ್ತದೆಯೇ?" ವೇಲ್ಸಿನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹುಟ್ಟಿದ ಹೆಚ್ಚುವರಿ ಚಕ್ರದಿಂದ ಬಂದ ಈ ಹೆಸರು ನಮ್ಮ ಪಂಚರ್ ಅಂಗಡಿಗಳಲ್ಲಿ ಇನ್ನೂ ಬದುಕಿದೆ. ಆದರೆ ನಿಮ್ಮ ಡಿಕ್ಕಿಯೊಳಗಿನ ಟೈರಿಗೂ ಉಳಿದ ನಾಲ್ಕರಷ್ಟೇ ವಯಸ್ಸು, ಏಳು. ಅದು ನಡೆಯುವುದಿಲ್ಲ. ಈಗಿನ ಹಲವು ಕಾರುಗಳಲ್ಲಿ ಅದರ ಅಳತೆಯೂ ಸಣ್ಣದು, 80ರ ಮೇಲೆ ಓಡಿಸಬೇಡಿ ಎಂದು ಅದರ ಮೇಲೆಯೇ ಅಂಟಿಸಿರುತ್ತಾರೆ. ನಾಲ್ಕನ್ನೂ ಕೊಳ್ಳಿ. ಹಳೆಯ ನಾಲ್ಕರಲ್ಲಿ ಒಂದನ್ನು ಸ್ಟೆಪ್ನಿ ಮಾಡುವ ಯೋಚನೆ ಬೇಡ. ಸ್ಟೆಪ್ನಿಯನ್ನು ಹೊರತೆಗೆದು ಗಾಳಿ ತುಂಬಿಸಿ, ಬಿರುಕಿದ್ದರೆ ಅದನ್ನೂ ಬದಲಿಸಿ. ಜಾಕಿ ಮತ್ತು ಪಾನಾ ಡಿಕ್ಕಿಯಲ್ಲಿವೆಯೇ ನೋಡಿಕೊಳ್ಳಿ. ಇದೆಲ್ಲ ದಸರೆಗೆ ಹತ್ತು ದಿನ ಮುಂಚೆ ಮುಗಿಯಲಿ. ಹೊಸ ಟೈರು ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಸ್ವಲ್ಪ ಜಾರುತ್ತದೆ, ಆ ಓಟ ಹೈದರಾಬಾದಿನಲ್ಲೇ ಆಗಿಹೋಗಲಿ. ಬೆಳಗ್ಗೆ ಬೇಗ ಹೊರಟು ಬಿಸಿಲೇರುವ ಮೊದಲೇ ಕಲಬುರಗಿ ಸೇರಿ. ಬರುವಾಗ ಅಪ್ಪ ಅಮ್ಮ, ಜೋಳದ ಚೀಲ, ಕಡಕ್ ರೊಟ್ಟಿಯ ಗಂಟು ಎಲ್ಲ ಇರುತ್ತದಲ್ಲ, ಹೊರಡುವ ಮುನ್ನ ಅಲ್ಲೇ ಚೀಟಿಯ ಎರಡನೇ ಅಂಕಿಗೆ ಗಾಳಿ ಹೊಡೆಸಿಕೊಳ್ಳಿ.